ಹುತ್ತದ ಅಣಬೆಯೂ ಹುಲ್ಲಿನ ಅಣಬೆಯೂ

ಮುಂಗಾರಿನ ಮೊದಲ ಗುಡುಗಿಗೆ ನೆಲದಿಂದ ಅಣಬೆಗಳು ತಲೆಯೆತ್ತುವುದನ್ನು ನಮ್ಮ ನಾಡಿನಲ್ಲಿ ನೋಡದವರು ಕಡಿಮೆ. ಮೋಡದ ಗರ್ಜನೆಯು ಭೂಮಿಯಲ್ಲಿ ಅಣಬೆಗಳನ್ನೆಬ್ಬಿಸುವುದೆಂಬ ಮಾತು ಕಾಳಿದಾಸನ ಮೇಘದೂತದಲ್ಲಿಯೂ ಬಂದಿದೆ. ಗುಡುಗಿದರೆ ಅಣಬೆ ಏಳುವುದೆಂದು ನಮ್ಮ ಒಕ್ಕಲಿಗನೂ ಹೇಳುವನು. ಇಷ್ಟರ ಮಟ್ಟಿಗೆ ಕವಿಗೂ ರೈತನಿಗೂ ಭೇದವಿಲ್ಲ. ಕಷ್ಟವು ಬರುವುದು ಅದರ ಮುಂದಿನ ಪ್ರಶ್ನೆಯಲ್ಲಿ. ಎದ್ದ ಅಣಬೆಗಳಲ್ಲಿ ತಿನ್ನತಕ್ಕದ್ದು ಯಾವುದು, ತಿನ್ನಬಾರದ್ದು ಯಾವುದು? ಈ ಪ್ರಶ್ನೆಗೆ ಮನುಷ್ಯನು ಎರಡು ಸಾವಿರ ವರ್ಷಗಳಿಂದ ಕೊಡುತ್ತ ಬಂದಿರುವ ಉತ್ತರಗಳ ಚರಿತ್ರೆಯನ್ನು ಈ ಹೊತ್ತು ಸಂಕ್ಷೇಪವಾಗಿ ಹೇಳಬೇಕೆಂದಿದ್ದೇನೆ.

ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಗಳಂಥ ಕಡೆಗಳಲ್ಲಿ, ಮಳೆಯ ಮರುದಿನ ಉದ್ಯಾನದ ಹುಲ್ಲಿನ ಮೇಲೆ ಬೆಳ್ಳಗೆ ಕೊಡೆ ಬಿಚ್ಚಿ ನಿಲ್ಲುವ ಒಂದು ಅಣಬೆಯುಂಟು. ಹಳ್ಳಿಯಲ್ಲಿ ಬೆಳೆದು ಪಟ್ಟಣಕ್ಕೆ ಬಂದವರ ಕಣ್ಣಿಗೆ ಅದು ತಮ್ಮ ಊರಿನ ಹುತ್ತದ ಅಣಬೆಯ ಹಾಗೆಯೇ ಕಾಣಬಹುದು. ಆದರೆ ಅದು ಹುತ್ತದ ಅಣಬೆಯಲ್ಲ. ತಿಂದವರನ್ನು ಕೆಲವೇ ಗಂಟೆಗಳಲ್ಲಿ ಹಾಸಿಗೆ ಹಿಡಿಸುವ ವಿಷದ ಅಣಬೆ. ಬಲ್ಲವರ ಕಣ್ಣೇ ಹೀಗೆ ಮೋಸ ಹೋಗುವುದು ಏಕೆ ಎಂಬುದನ್ನು ತಿಳಿಯಬೇಕಾದರೆ ಸಸ್ಯಶಾಸ್ತ್ರವೊಂದೇ ಸಾಲದು, ಚರಿತ್ರೆಯೂ ಬೇಕು.

ಮೊದಲು ಹೆಸರುಗಳನ್ನು ನೋಡೋಣ. ಸಂಸ್ಕೃತದಲ್ಲಿ ಅಣಬೆಗೆ ಛತ್ರಾಕ, ಕವಕ, ಶಿಲೀಂಧ್ರ ಮುಂತಾದ ಹೆಸರುಗಳಿವೆ. ಪಾಳಿ ಭಾಷೆಯಲ್ಲಿ ಅಹಿಚ್ಛತ್ತಕ, ಎಂದರೆ ಹಾವಿನ ಕೊಡೆ. ಬುದ್ಧನು ಪಾವಾ ಎಂಬ ಊರಿನಲ್ಲಿ ಕಮ್ಮಾರ ಚುಂದನು ಬಡಿಸಿದ ಕಡೆಯ ಊಟದಲ್ಲಿದ್ದ ‘ಸೂಕರಮದ್ದವ’ವೆಂಬ ಪದಾರ್ಥವನ್ನು ಕೆಲವು ಪ್ರಾಚೀನ ವ್ಯಾಖ್ಯಾನಕಾರರು ಹಂದಿಯ ಮೃದುವಾದ ಮಾಂಸವೆಂದು ಹೇಳಿದರೆ, ಮತ್ತೆ ಕೆಲವರು ಹಂದಿ ತುಳಿದ ನೆಲದಲ್ಲಿ ಎದ್ದ ಅಹಿಚ್ಛತ್ತಕವೆಂದು ಹೇಳಿರುವರು. ಕನ್ನಡದಲ್ಲಿ ನಮಗೆ ಎರಡು ಹೆಸರುಗಳಿವೆ: ಅಣಬೆ ಮತ್ತು ನಾಯಿಕೊಡೆ. ಇವೆರಡೂ ಒಂದೇ ಅರ್ಥದಲ್ಲಿ ಬಳಕೆಯಾಗುವುದುಂಟಾದರೂ, ಸಾರಿಗೆ ಬರುವುದನ್ನು ನಾಯಿಕೊಡೆಯೆಂದು ಕರೆಯಲು ಯಾರಿಗೂ ಮನಸ್ಸು ಬಾರದು. ನಾಯಿತುಳಸಿ, ನಾಯಿಸಾಸಿವೆ ಎಂಬ ಮಾತುಗಳನ್ನು ನೆನೆದರೆ ಇದರ ಮರ್ಮ ತಿಳಿಯುವುದು. ಒಂದರಂತೆಯೇ ಕಂಡು, ಅದರ ಉಪಯೋಗಕ್ಕೆ ಬಾರದ ಗಿಡಕ್ಕೆ ನಮ್ಮ ಜನರು ‘ನಾಯಿ’ ಎಂಬುದನ್ನು ಮುಂದೆ ಸೇರಿಸಿ ಹೇಳುವರು. ರೂಪದಲ್ಲಿ ಸಮ, ಗುಣದಲ್ಲಿ ಬೇರೆ ಎಂಬ ಎಚ್ಚರಿಕೆಯು ಹೀಗೆ ನಮ್ಮ ಭಾಷೆಯ ಒಳಗೇ ಸೇರಿಕೊಂಡಿದೆ.

ಭಾಷೆಯಲ್ಲಿರುವ ಈ ಎಚ್ಚರಿಕೆಯು ಗ್ರಂಥಗಳಲ್ಲಿ ಬೆಳೆದು ಬಂದಿತೇ ಎಂದರೆ, ಅಷ್ಟಾಗಿ ಇಲ್ಲ. ಮನುಸ್ಮೃತಿಯು ಐದನೆಯ ಅಧ್ಯಾಯದಲ್ಲಿ ಬೆಳ್ಳುಳ್ಳಿ ಈರುಳ್ಳಿಗಳೊಡನೆ ಕವಕವನ್ನೂ ಸೇರಿಸಿ, ದ್ವಿಜರು ಇವನ್ನು ತಿನ್ನಬಾರದೆಂದು ವಿಧಿಸಿರುವುದು. ಜೈನರ ಆಚಾರದಲ್ಲಿಯೂ ಅಣಬೆಯು ತ್ಯಾಜ್ಯವೇ. ಈ ನಿಷೇಧಗಳಿಗೆ ಕಾರಣವು ಶೌಚದ ಭಾವನೆ, ಅಹಿಂಸೆಯ ಭಾವನೆ, ವಿಷದ ಭಯವಲ್ಲ. ಎಲ್ಲ ಅಣಬೆಗಳೂ ಒಟ್ಟಾಗಿ ವರ್ಜ್ಯವಾದ ಮೇಲೆ, ಅವುಗಳಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡುವ ಅವಶ್ಯಕತೆ ಪಂಡಿತನಿಗೆ ಉಳಿಯಲಿಲ್ಲ. ಇತ್ತ ಗೌಡರ ಮನೆಗಳಲ್ಲಿ, ಕೊಡವರಲ್ಲಿ, ತುಳುನಾಡಿನಲ್ಲಿ, ಕಾಡಂಚಿನ ಜನಗಳಲ್ಲಿ ಅಣಬೆಯು ಮಳೆಗಾಲದ ಹಬ್ಬದಂಥ ಊಟ. ಕೊಡಗಿನಲ್ಲಿ ಅದಕ್ಕೆ ‘ಕುಮ್ಮು’ ಎಂದು ಪ್ರತ್ಯೇಕವಾದ ಹೆಸರೇ ಉಂಟು. ಆದರೆ ಈ ಜನರ ತಿಳಿವಳಿಕೆಯು ಓಲೆಗರಿಯ ಮೇಲೆ ಏರಲಿಲ್ಲ. ಬರೆದವರು ತಿನ್ನಲಿಲ್ಲ, ತಿಂದವರು ಬರೆಯಲಿಲ್ಲ. ನಮ್ಮ ದೇಶದ ಅಣಬೆಯ ಚರಿತ್ರೆಯ ಬಹುಭಾಗವನ್ನು ಈ ಒಂದು ಮಾತಿನಲ್ಲಿ ಅಡಗಿಸಬಹುದು.

ಇದಕ್ಕೆ ಅಪವಾದವೆಂದರೆ ವೈದ್ಯರು. ಸುಶ್ರುತಸಂಹಿತೆಯು ಆಹಾರಗಳನ್ನು ಹೇಳುವಾಗ ನೆಲವನ್ನು ಭೇದಿಸಿಕೊಂಡು ಬರುವ ಶಾಕಗಳನ್ನು ‘ಔದ್ಭಿದ’ವೆಂಬ ಒಂದು ಗುಂಪಾಗಿ ಮಾಡಿ, ಅವುಗಳನ್ನು ಹುಟ್ಟುವ ಸ್ಥಳದಿಂದ ವಿಂಗಡಿಸಿದೆ: ಹುಲ್ಲಿನ ಮೆದೆಯಲ್ಲಿ ಹುಟ್ಟಿದ್ದು, ಕಬ್ಬಿನ ಸಿಪ್ಪೆಯಲ್ಲಿ ಹುಟ್ಟಿದ್ದು, ಸಗಣಿಯಲ್ಲಿ ಹುಟ್ಟಿದ್ದು, ಬಿದಿರಿನಲ್ಲಿ ಹುಟ್ಟಿದ್ದು, ಬರಿಯ ನೆಲದಲ್ಲಿ ಹುಟ್ಟಿದ್ದು. ಆಕಾರವನ್ನಲ್ಲ, ಬಣ್ಣವನ್ನಲ್ಲ, ಸ್ಥಳವನ್ನು ಹಿಡಿದು ಮಾಡಿದ ಈ ವಿಭಾಗವನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಇದರ ಬೆಲೆಯು ಮುಂದೆ ತಿಳಿಯುವುದು. ಅದೇ ಸಂಹಿತೆಯ ಕಲ್ಪಸ್ಥಾನದಲ್ಲಿ ಸ್ಥಾವರವಿಷಕ್ಕೆ ಬೇರು, ಎಲೆ, ಹಣ್ಣು, ಹೂವು, ತೊಗಟೆ, ಹಾಲು, ಚೇಗು, ಅಂಟು, ಖನಿಜ, ಗೆಡ್ಡೆ ಎಂದು ಹತ್ತು ಆಶ್ರಯಗಳನ್ನು ಹೇಳಿದೆ. ಈ ಹತ್ತರಲ್ಲಿ ಅಣಬೆಗೆ ಬೇರೆಯಾದ ಸ್ಥಾನವಿಲ್ಲ. ನಮ್ಮ ಕನ್ನಡದಲ್ಲಿ ವಿಷವೈದ್ಯಕ್ಕೇ ಮೀಸಲಾದ ಕಾವ್ಯವೊಂದು ಹುಟ್ಟಿತು. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವೇ ಅದು. ಮಂಗರಾಜನು ಜೈನಕವಿ. ಗರುಡನ ಹೆಸರನ್ನು ಹೊತ್ತ ಆ ಗ್ರಂಥದಲ್ಲಿ ಹಾವಿನ ವಿಷಕ್ಕೆ ಪ್ರಾಧಾನ್ಯ ಬಂದುದು ಸಹಜವೇ ಆಗಿದೆ.

ಇನ್ನು ಪಶ್ಚಿಮದ ಕಡೆಗೆ ತಿರುಗೋಣ. ಗ್ರೀಕರೂ ರೋಮನರೂ ಅಣಬೆಯನ್ನು ಪ್ರೀತಿಯಿಂದ ತಿನ್ನುತ್ತಿದ್ದರು, ಅದಕ್ಕೆ ತಕ್ಕಂತೆ ಸಾಯುತ್ತಲೂ ಇದ್ದರು. ಕ್ರಿ.ಶ. ೫೪ರಲ್ಲಿ ಸತ್ತ ಚಕ್ರವರ್ತಿ ಕ್ಲಾಡಿಯಸನಿಗೆ ಅಣಬೆಯ ಭಕ್ಷ್ಯದಲ್ಲಿಯೇ ವಿಷವಿಕ್ಕಲಾಯಿತೆಂದು ರೋಮಿನ ಚರಿತ್ರಕಾರರು ಬರೆದಿರುವರು. ಅದೇ ಶತಮಾನದ ವೈದ್ಯನಾದ ಡಯಾಸ್ಕೊರಿಡೀಸನು ಅಣಬೆಗೆ ವಿಷ ಬರಲು ಕಾರಣಗಳನ್ನು ಹೇಳಿದನು. ತುಕ್ಕು ಹಿಡಿದ ಮೊಳೆಗಳ ಬಳಿ, ಕೊಳೆತ ಬಟ್ಟೆಯ ಬಳಿ, ಇಲ್ಲವೆ ಹಾವಿನ ಬಿಲದ ಬಳಿ ಹುಟ್ಟಿದ ಅಣಬೆಯು ವಿಷವಾಗುವುದೆಂದು ಅವನ ಮತ. ಪ್ಲಿನಿಯೂ ಹಾವಿನ ಉಸಿರನ್ನು ಇದಕ್ಕೆ ಕಾರಣವಾಗಿ ಹೇಳಿದನು. ಈ ಮಾತು ಯೂರೋಪಿನ ಪುಸ್ತಕಗಳಲ್ಲಿ ಒಂದೂವರೆ ಸಾವಿರ ವರ್ಷ ಉಳಿಯಿತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಹಾವಿನ ಬಿಲವೆಂದರೆ ನಮ್ಮಲ್ಲಿ ಹುತ್ತ. ನಾಗರ ಪಂಚಮಿಯಂದು ನಾವು ಹಾಲೆರೆಯುವ ಹುತ್ತವು ನಾಗರಹಾವಿನ ಮನೆ. ಆದರೆ ನಮ್ಮ ರೈತನನ್ನು ಕೇಳಿದರೆ, ಎಲ್ಲಕ್ಕಿಂತ ಶ್ರೇಷ್ಠವಾದ, ಎಲ್ಲಕ್ಕಿಂತ ನಂಬಿಕೆಯ ಅಣಬೆಯು ಹುತ್ತದ್ದೇ! ಗ್ರೀಸಿನ ಮಹಾವೈದ್ಯನು ಯಾವ ನೆಲವನ್ನು ವಿಷದ ನೆಲವೆಂದು ಬಿಟ್ಟನೋ ಅದೇ ನೆಲವನ್ನು ಮಂಡ್ಯ ಹಾಸನಗಳ ಹಳ್ಳಿಯ ಹೆಣ್ಣುಮಕ್ಕಳು ಅಣಬೆಗಾಗಿ ಹುಡುಕಿಕೊಂಡು ಹೋಗುವರು. ಇವರಿಬ್ಬರಲ್ಲಿ ಸರಿ ಯಾರೆಂಬುದಕ್ಕೆ ಉತ್ತರದ ಮೊದಲ ಎಳೆಯು ದೊರಕಿದ್ದು ನಮ್ಮ ದಕ್ಷಿಣದೇಶದಲ್ಲಿಯೇ.

ಲಿನೇಯಸನ ಶಿಷ್ಯನಾದ ಯೋಹಾನ್ ಗೆರ್ಹಾರ್ಡ್ ಕೊನಿಗ್ ಎಂಬವನು ೧೭೬೮ರಲ್ಲಿ ಡೇನರ ತರಂಗಂಬಾಡಿಗೆ ವೈದ್ಯನಾಗಿ ಬಂದು, ಮುಂದೆ ಆರ್ಕಾಟಿನ ನವಾಬನ ಆಶ್ರಯದಲ್ಲಿ ಪ್ರಕೃತಿಶಾಸ್ತ್ರಜ್ಞನಾಗಿದ್ದನು. ಅವನು ತಂಜಾವೂರಿನ ಕಡೆ ಗೆದ್ದಲಿನ ಹುತ್ತಗಳನ್ನು ಅಗೆಯಿಸಿ ನೋಡಿ, ಅವುಗಳ ಒಳಗೆ ಜೇನುಗೂಡಿನಂಥ ರಚನೆಗಳಿರುವುದನ್ನೂ, ಅವುಗಳಿಗೂ ಅಣಬೆಗಳಿಗೂ ಸಂಬಂಧವಿರುವುದನ್ನೂ ೧೭೭೯ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದನು. ಸಿಂಹಳದ ಪೆರಾದೆನಿಯದಲ್ಲಿ ಟಾಮ್ ಪೆಚ್ ಎಂಬ ಶಾಸ್ತ್ರಜ್ಞನು ೧೯೦೬ರಲ್ಲಿ ಇದನ್ನು ವಿಸ್ತಾರವಾಗಿ ಪರೀಕ್ಷಿಸಿದನು. ೧೯೪೨ರಲ್ಲಿ ಫ್ರಾನ್ಸಿನ ರೋಜೆ ಹೈಮ್ ಎಂಬ ವಿದ್ವಾಂಸನು ಗೆದ್ದಲಿನ ಈ ಅಣಬೆಗಳನ್ನೆಲ್ಲ ‘ಟರ್ಮಿಟೋಮೈಸಿಸ್’ ಎಂಬ ಪ್ರತ್ಯೇಕ ಕುಲವಾಗಿ ಮಾಡಿದನು. ೧೯೭೯ರಲ್ಲಿ ಮದರಾಸಿನ ಕೆ. ನಟರಾಜನ್ ಅವರು ದಕ್ಷಿಣ ಭಾರತದ ಒಂದು ಪ್ರಭೇದಕ್ಕೆ ಆ ಹೈಮನ ಹೆಸರನ್ನೇ ಇಟ್ಟರು.

ಹೀಗೆ ಎರಡು ನೂರು ವರ್ಷಗಳಲ್ಲಿ ತಿಳಿದುಬಂದ ಸಂಗತಿಯು ಬಹು ರಮ್ಯವಾಗಿದೆ. ಗೆದ್ದಲು ಒಂದು ಬಗೆಯ ಬೇಸಾಯಗಾರ. ಅದು ಒಣಹುಲ್ಲು, ತರಗೆಲೆ, ಮರದ ಚೂರುಗಳನ್ನು ಅಗಿದು ತಂದು ಹುತ್ತದ ಒಳಗೆ ರೊಟ್ಟುಗಳನ್ನು ಕಟ್ಟುವುದು. ಅವುಗಳ ಮೇಲೆ ಈ ಅಣಬೆಯ ಬಿಳಿಯ ಎಳೆಗಳು ಹಬ್ಬಿ, ಗೆದ್ದಲಿಗೆ ಜೀರ್ಣವಾಗದ ಮರದ ಅಂಶವನ್ನು ಜೀರ್ಣಿಸಿ ಕೊಡುವುವು. ಗೆದ್ದಲು ಅಣಬೆಯನ್ನು ಸಾಕುವುದು, ಅಣಬೆಯು ಗೆದ್ದಲನ್ನು ಸಾಕುವುದು. ಮಳೆ ಬಿದ್ದು ನೆಲ ಮೆತ್ತಗಾದಾಗ ಆ ಒಳಗಿನ ತೋಟದಿಂದ ಅಣಬೆಯು ಉದ್ದವಾದ ಬೇರಿನಂಥ ಕಾಲನ್ನು ಮೇಲಕ್ಕೆ ಚಾಚಿ, ಮೊನೆಯಾದ ನೆತ್ತಿಯಿಂದ ಮಣ್ಣನ್ನು ತೂರಿ ಹೊರಕ್ಕೆ ಬರುವುದು. ಆದುದರಿಂದ ಈ ಕುಲದ ಅಣಬೆಯು ಗೆದ್ದಲಿಲ್ಲದ ಕಡೆ ಹುಟ್ಟುವುದೇ ಇಲ್ಲ. ರೈತನು ಹುತ್ತವನ್ನು ನೋಡಿ ಅಣಬೆಯನ್ನು ನಂಬಿದುದು ಮೂಢನಂಬಿಕೆಯಲ್ಲ. ಆ ಹುತ್ತವು ಅಣಬೆಯ ಹುಟ್ಟೂರಿನ ರುಜುವಾತು. ಡಯಾಸ್ಕೊರಿಡೀಸನು ಸ್ಥಳವು ವಿಷವನ್ನು ಕೊಡುವುದೆಂದು ತಿಳಿದುದು ತಪ್ಪು. ವಿಷವಿರುವುದು ಜಾತಿಯಲ್ಲಿ, ನೆಲದಲ್ಲಲ್ಲ. ಆದರೆ ಜಾತಿ ಯಾವುದೆಂಬುದಕ್ಕೆ ನೆಲವು ಸಾಕ್ಷಿ ಹೇಳಬಲ್ಲುದು. ಸುಶ್ರುತನ ವಿಭಾಗದ ಬೆಲೆಯೂ ಇದೇ.

ಹಳ್ಳಿಯವರ ಜ್ಞಾನದ ಸ್ವರೂಪವನ್ನು ಈಗ ಸರಿಯಾಗಿ ಹೇಳಬಹುದು. ಅವರು ‘ಅಣಬೆ’ಯನ್ನು ಬಲ್ಲವರಲ್ಲ, ಇಂಥ ಹೊಲದ ಇಂಥ ಬದುವಿನಲ್ಲಿ, ಇಂಥ ಮಳೆಯಲ್ಲಿ ಏಳುವ ಎರಡು ಮೂರು ಬಗೆಗಳನ್ನು ಬಲ್ಲವರು. ಅಕ್ಕಿಯ ನುಚ್ಚು ಚೆಲ್ಲಿದಂತೆ ಹುತ್ತದ ಸುತ್ತ ಹರಡುವ ಸಣ್ಣ ಅಣಬೆ ಒಂದು, ಹಿಡಿಯಷ್ಟು ದಪ್ಪನಾದ ಕಾಲಿನದು ಇನ್ನೊಂದು. ಅಜ್ಜಿಯು ಕಿತ್ತ ಕಡೆಯಲ್ಲಿಯೇ ಮೊಮ್ಮಗಳು ಕೀಳುವಳು. ಮಿಕ್ಕುದೆಲ್ಲ ನಾಯಿಕೊಡೆ, ಅದನ್ನು ಮುಟ್ಟುವ ಹಾಗಿಲ್ಲ. ಇದು ಲಕ್ಷಣಗಳ ಶಾಸ್ತ್ರವಲ್ಲ, ನೆಲದ ನೆನಪು. ಆ ನೆಲವಿರುವವರೆಗೆ ಇದರಷ್ಟು ಭದ್ರವಾದ ಶಾಸ್ತ್ರವಿಲ್ಲ. ನೆಲವು ಬದಲಾದರೆ ಇದರಷ್ಟು ಅಪಾಯಕರವಾದುದೂ ಇಲ್ಲ.

ನೆಲದ ನೆನಪಿಲ್ಲದವರು ಬೇರೊಂದು ದಾರಿಯನ್ನು ಹಿಡಿದರು. ಎಲ್ಲ ಅಣಬೆಗಳಿಗೂ ಒಪ್ಪುವ ಒಂದೇ ಪರೀಕ್ಷೆಯನ್ನು ಕಂಡುಹಿಡಿದುಬಿಟ್ಟರೆ ಜಾತಿಯನ್ನು ತಿಳಿಯುವ ಶ್ರಮವೇ ಬೇಡವೆಂದು ಅವರ ಎಣಿಕೆ. ಬೆಳ್ಳಿಯ ಚಮಚವನ್ನು ಹಾಕಿ ಬೇಯಿಸಿದಾಗ ಕಪ್ಪಾದರೆ ವಿಷ, ಬೆಳ್ಳುಳ್ಳಿ ಬಣ್ಣ ತಿರುಗಿದರೆ ವಿಷ, ಅರಿಸಿನದ ನೀರು ಬಣ್ಣಗೆಟ್ಟರೆ ವಿಷ, ಹುಳು ತಿಂದಿದ್ದರೆ ನಿರಪಾಯ, ಟೋಪಿಯ ಸಿಪ್ಪೆ ಸುಲಭವಾಗಿ ಸುಲಿದುಬಂದರೆ ನಿರಪಾಯ, ಬಿಳಿಯದಾದರೆ ನಿರಪಾಯ, ಚೆನ್ನಾಗಿ ಕುದಿಸಿದರೆ ಎಲ್ಲವೂ ನಿರಪಾಯ. ಇಂಥ ಸೂತ್ರಗಳು ಯೂರೋಪಿನಲ್ಲಿಯೂ ಉಂಟು, ನಮ್ಮಲ್ಲಿಯೂ ಉಂಟು. ಇವುಗಳಲ್ಲಿ ಒಂದಾದರೂ ನಿಜವಲ್ಲ. ಬೆಳ್ಳಿಯನ್ನು ಕಪ್ಪಾಗಿಸುವುದು ಗಂಧಕದ ಅಂಶವೇ ಹೊರತು ಅಣಬೆಯ ವಿಷವಲ್ಲ. ಲೋಕದ ಅತ್ಯಂತ ಘೋರವಾದ ಅಣಬೆಯನ್ನು ಬಸವನಹುಳು ಮೆಯ್ದು ಸುಖವಾಗಿರುವುದು. ಅದರ ವಿಷವು ಕುದಿಸಿದರೂ ಒಣಗಿಸಿದರೂ ಹೋಗುವುದಿಲ್ಲ. ಬಿಳಿಯ ಬಣ್ಣವೆಂಬ ಭರವಸೆಯಂತೂ ಎಲ್ಲಕ್ಕಿಂತ ಕೆಟ್ಟುದು. ಕೊಲ್ಲುವ ಅಣಬೆಗಳಲ್ಲಿ ಹಲವು ಹಾಲಿನಂತೆ ಬಿಳುಪು.

ಸೂತ್ರವನ್ನು ನಂಬಿದವರ ಗತಿಗೆ ಒಂದು ಉದಾಹರಣೆ ಸಾಕು. ಬಾಲಕ ಮೊತ್ಸಾರ್ಟನು ಮೆಚ್ಚಿಕೊಂಡಿದ್ದ ಯೋಹಾನ್ ಶೋಬರ್ಟ್ ಎಂಬ ಸಂಗೀತರಚನಕಾರನು ೧೭೬೭ರಲ್ಲಿ ಪ್ಯಾರಿಸಿನ ಹೊರವಲಯಕ್ಕೆ ಮನೆಯವರನ್ನೂ ಮಿತ್ರರನ್ನೂ ಕರೆದುಕೊಂಡು ಹೋಗಿ ಅಣಬೆಗಳನ್ನು ಆಯ್ದನು. ಅಡಿಗೆಯವರು ಇವು ವಿಷದವೆಂದು ಬೇಯಿಸಿಕೊಡಲು ಒಪ್ಪಲಿಲ್ಲವೆಂದು ಸಮಕಾಲೀನರು ಬರೆದಿರುವರು. ಜೊತೆಗಿದ್ದ ವೈದ್ಯಮಿತ್ರನು ಇವು ಒಳ್ಳೆಯವೇ ಎಂದು ಸಾಧಿಸಿದನು. ಅವರು ಮನೆಗೆ ಹೋಗಿ ಅಡಿಗೆ ಮಾಡಿಸಿ ಉಂಡರು. ಶೋಬರ್ಟನೂ, ಅವನ ಹೆಂಡತಿಯೂ, ಆ ವೈದ್ಯನೂ ಸೇರಿದಂತೆ ಉಂಡವರು ಸತ್ತರು. ಅಡಿಗೆಯವನ ಅನುಭವದ ಮುಂದೆ ವಿದ್ಯಾವಂತನ ಆತ್ಮವಿಶ್ವಾಸವು ಗೆದ್ದಿತು. ಗೆದ್ದ ಫಲ ಅದು.

ಮನುಷ್ಯನು ಇಷ್ಟು ಸಾವುಗಳಿಂದಲೂ ಏಕೆ ಪಾಠ ಕಲಿಯಲಿಲ್ಲವೆಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರವು ವಿಷದ ಸ್ವಭಾವದಲ್ಲಿಯೇ ಇದೆ. ಯೂರೋಪಿನಲ್ಲಿ ಮರಣದ ಟೋಪಿಯೆಂದು ಕರೆಯಿಸಿಕೊಳ್ಳುವ ‘ಅಮನೈಟ ಫಲಾಯ್ಡಿಸ್’ ಎಂಬ ಅಣಬೆಯಿಂದ ಮ್ಯೂನಿಕ್ಕಿನ ರಸಾಯನಶಾಸ್ತ್ರಜ್ಞರು ೧೯೩೭ರಲ್ಲಿ ಒಂದು ವಿಷವನ್ನೂ, ೧೯೪೧ರಲ್ಲಿ ಅದಕ್ಕಿಂತ ಮುಖ್ಯವಾದ ಅಮನಿಟಿನ್ ಎಂಬ ವಿಷವನ್ನೂ ಬೇರ್ಪಡಿಸಿದರು. ಈ ಎರಡನೆಯದು ಜೀವಕೋಶದ ಕೇಂದ್ರದಲ್ಲಿ ಆರ್.ಎನ್.ಎ.ಯನ್ನು ನಿರ್ಮಿಸುವ ಕಿಣ್ವವನ್ನು ಕಟ್ಟಿಹಾಕುವುದು. ಆಮೇಲೆ ಕೋಶಕ್ಕೆ ಹೊಸ ಸಸಾರಜನಕ ವಸ್ತುಗಳನ್ನು ಮಾಡಿಕೊಳ್ಳುವ ಶಕ್ತಿಯಿರದು, ಅದು ಸಾಯುವುದು. ಮೊದಲು ಕೆಡುವುದು ಯಕೃತ್ತು. ಆದರೆ ಇದೆಲ್ಲಕ್ಕೂ ಕಾಲ ಹಿಡಿಯುವುದು. ಉಂಡ ಮೇಲೆ ಆರು ಗಂಟೆಗಳಿಂದ ಇಪ್ಪತ್ತನಾಲ್ಕು ಗಂಟೆಗಳವರೆಗೆ ಏನೂ ತೋರದು. ಅಷ್ಟರೊಳಗೆ ಮತ್ತೊಂದು ಊಟವಾಗಿರುವುದು; ವಾಂತಿಭೇದಿಗಳು ಶುರುವಾದಾಗ ಜನರು ಆ ಎರಡನೆಯ ಊಟವನ್ನು ದೂಷಿಸುವರು. ಅನಂತರ ಒಂದು ದಿನ ಗುಣವಾದಂತೆ ಕಾಣುವುದು. ಮನೆಯವರು ನಿಟ್ಟುಸಿರುಬಿಡುವರು. ಮೂರನೆಯ ನಾಲ್ಕನೆಯ ದಿನ ಕಾಮಾಲೆ ಕಾಣಿಸಿಕೊಂಡು, ಯಕೃತ್ತು ಕೆಲಸವನ್ನು ನಿಲ್ಲಿಸುವುದು. ಕಾರಣಕ್ಕೂ ಕಾರ್ಯಕ್ಕೂ ಇಷ್ಟು ದೂರವಿದ್ದರೆ ಅನುಭವವು ಗುರುವಾಗಲಾರದು. ರುಚಿಯೂ ಎಚ್ಚರಿಸದು, ಬದುಕಿ ಉಳಿದವರಲ್ಲಿ ಹಲವರು ಅದರ ರುಚಿಯನ್ನು ಹೊಗಳಿರುವರು.

ಈ ಅಮನೈಟವು ಯೂರೋಪಿನ ಓಕ್ ಮುಂತಾದ ಮರಗಳ ಬೇರಿನೊಡನೆ ಬಾಳುವ ಅಣಬೆ. ಆ ಮರಗಳ ಸಸಿಗಳೊಡನೆ ಬೇರಿಗಂಟಿಕೊಂಡು ಅದು ಅಮೆರಿಕದ ಪಶ್ಚಿಮ ತೀರಕ್ಕೂ ಆಸ್ಟ್ರೇಲಿಯಾಕ್ಕೂ ವಲಸೆ ಹೋಯಿತು. ಮನುಷ್ಯರೂ ವಲಸೆ ಹೋದರು. ಏಷ್ಯದ ಆಗ್ನೇಯ ದೇಶಗಳಲ್ಲಿ ಬತ್ತದ ಹುಲ್ಲಿನ ಅಣಬೆಯನ್ನು ಮೊಟ್ಟೆಯಂತಿರುವಾಗಲೇ ಕಿತ್ತು ತಿನ್ನುವುದು ವಾಡಿಕೆ. ಅದಕ್ಕೆ ಬುಡದಲ್ಲಿ ಚೀಲದಂಥ ಪೊರೆಯುಂಟು. ಅಮನೈಟಕ್ಕೂ ಹಾಗೆಯೇ ಚೀಲವುಂಟು, ಎಳೆಯದಾದಾಗ ಮೊಟ್ಟೆಯ ಆಕಾರವೇ. ಕ್ಯಾಲಿಫೋರ್ನಿಯದಲ್ಲಿಯೂ ಆಸ್ಟ್ರೇಲಿಯಾದಲ್ಲಿಯೂ ಹೊಸದಾಗಿ ಬಂದ ಏಷ್ಯದ ಜನರು ಇದನ್ನು ತಮ್ಮ ಊರಿನ ಅಣಬೆಯೆಂದೇ ತಿಳಿದು ತಿಂದ ಪ್ರಸಂಗಗಳು ಹಲವಾಗಿವೆ. ೨೦೧೨ರ ಹೊಸವರ್ಷದ ಸಂದರ್ಭದಲ್ಲಿ ಕ್ಯಾನ್‌ಬೆರಾ ನಗರದಲ್ಲಿ ಹೀಗೆ ಇಬ್ಬರು ಸತ್ತರು. ಅವರಲ್ಲಿ ಒಬ್ಬನು ಅಡಿಗೆಯನ್ನೇ ವೃತ್ತಿಯಾಗಿ ಉಳ್ಳವನು. ಅವರ ತಿಳಿವಳಿಕೆ ಸುಳ್ಳಾಗಿರಲಿಲ್ಲ, ತಮ್ಮ ಊರಿನಲ್ಲಿ ಅದು ನಿಜವೇ ಆಗಿತ್ತು. ನಿಜವು ಗಡಿ ದಾಟಿದಾಗ ಸುಳ್ಳಾಯಿತು.

ಗಡಿ ದಾಟಬೇಕಾದರೆ ಸಮುದ್ರವನ್ನೇ ದಾಟಬೇಕೆಂಬುದಿಲ್ಲ. ಬೆಂಗಳೂರಿನ ಮಟ್ಟಿಗೆ ಲಾಲ್‌ಬಾಗಿನ ದಕ್ಷಿಣದ ಬೇಲಿಯನ್ನು ದಾಟಿದರೆ ಸಾಕು. ೧೯೪೮ರಲ್ಲಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಜಯನಗರಕ್ಕೆ ಶಂಕುಸ್ಥಾಪನೆ ಮಾಡಿದಾಗ ಆಚೆಯ ಸೀಮೆಯು ರಾಗಿಯ ಹೊಲ, ತೋಪು, ಕೆರೆಗಳ ಹಳ್ಳಿಗಾಡು. ಯಡಿಯೂರು, ಬೈರಸಂದ್ರ, ಸಾರಕ್ಕಿ, ತಾವರೆಕೆರೆ, ಮಡಿವಾಳ ಇವೆಲ್ಲವೂ ಕೆರೆಯುಳ್ಳ ಊರುಗಳು. ಹೊಲವಿದ್ದಲ್ಲಿ ಬದುವುಂಟು, ಬದುವಿದ್ದಲ್ಲಿ ಹುತ್ತವುಂಟು. ಮುಂದಿನ ದಶಕಗಳಲ್ಲಿ ಬನಶಂಕರಿ, ಜಯಪ್ರಕಾಶ ನಗರಗಳು ಎದ್ದವು. ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರಗಳನ್ನು ಇಂಗ್ಲಿಷಿನಲ್ಲಿ ಕೂಡಿಸಿ ಬಿ.ಟಿ.ಎಂ. ಬಡಾವಣೆಯೆಂಬ ಹೆಸರಾಯಿತು. ಹೊಲಗಳು ನಿವೇಶನಗಳಾದವು, ಹುತ್ತಗಳನ್ನು ಕೆಡವಿದರು. ಗುಡಿ ಕಟ್ಟಿದ ಹುತ್ತಗಳು ಮಾತ್ರ ಉಳಿದವು. ಅವುಗಳ ಬದಲಿಗೆ ಉದ್ಯಾನಗಳು ಬಂದವು. ಕೆಂಪುಮಣ್ಣು, ಗೊಬ್ಬರಗಳನ್ನು ಲಾರಿಯಲ್ಲಿ ತಂದು ಸುರಿದು ಹುಲ್ಲುಹಾಸನ್ನು ಬೆಳೆಸಿದರು.

ಹುಲ್ಲುಹಾಸಿಗೆ ತನ್ನದೇ ಆದ ಅಣಬೆಯುಂಟು. ೧೮೧೮ರಲ್ಲಿ ಮೇಯರ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞನು ದಕ್ಷಿಣ ಅಮೆರಿಕದ ಗಯಾನ ಸೀಮೆಯಿಂದ ವರ್ಣಿಸಿದ ಈ ಅಣಬೆಯು ಇಂದು ಉಷ್ಣದ ದೇಶಗಳಲ್ಲೆಲ್ಲ ಹರಡಿದೆ. ಇದರ ಶಾಸ್ತ್ರೀಯ ನಾಮ ‘ಕ್ಲೋರೊಫಿಲ್ಲಮ್ ಮಾಲಿಬ್ಡೈಟಿಸ್’. ಮೊದಲ ಮಾತಿಗೆ ಹಸುರು ಎಲೆ ಎಂದೂ, ಎರಡನೆಯದಕ್ಕೆ ಸೀಸದ ಬಣ್ಣದ್ದು ಎಂದೂ ಅರ್ಥ. ಇದು ಗೆದ್ದಲನ್ನು ಆಶ್ರಯಿಸದು, ಮರದ ಬೇರನ್ನೂ ಆಶ್ರಯಿಸದು; ಸತ್ತ ಹುಲ್ಲನ್ನೂ ಗೊಬ್ಬರವನ್ನೂ ತಿಂದು ಬೆಳೆಯುವುದು. ಮಳೆ ಬಿದ್ದ ಮೇಲೆ ಹುಲ್ಲಿನಲ್ಲಿ ಒಂಟಿಯಾಗಿಯೋ, ಬಳೆಯ ಆಕಾರದ ಸಾಲಾಗಿಯೋ ಏಳುವುದು. ಕೊಡೆಯು ಗೇಣಗಲ, ಬಿಳುಪು, ನೆತ್ತಿಯ ಮೇಲೆ ಕಂದುಬಣ್ಣದ ಚಕ್ಕೆಗಳು. ಕಾಲಿನ ಮೇಲ್ಭಾಗದಲ್ಲಿ ಜರುಗಿಸಬಹುದಾದ ಒಂದು ಬಳೆ. ಎಳೆಯದಾದಾಗ ಒಳಮೈಯ ಪದರುಗಳು ಬಿಳಿ. ಬಲಿತ ಮೇಲೆ ಮಸುಕಾದ ಹಸುರು. ಇದನ್ನು ತಿಂದವರಿಗೆ ಒಂದರಿಂದ ಮೂರು ಗಂಟೆಗಳೊಳಗೆ ಹೊಟ್ಟೆನೋವು, ವಾಂತಿ, ಭೇದಿಗಳು ಉಗ್ರವಾಗಿ ತೊಡಗುವುವು. ಸಾವು ಅಪರೂಪ, ಆದರೆ ಮಕ್ಕಳಲ್ಲಿಯೂ ಮುದುಕರಲ್ಲಿಯೂ ದೇಹದ ನೀರು ಬರಿದಾಗಿ ಪ್ರಾಣಕ್ಕೆ ಅಪಾಯವಾಗುವ ಸಂಭವವುಂಟು.

ಹುತ್ತದ ಅಣಬೆಗೂ ಇದಕ್ಕೂ ಇರುವ ಭೇದಗಳನ್ನು ಹೇಳುವುದಾದರೆ, ಅದು ನೆಲದೊಳಗೆ ಮೊಳದಷ್ಟು ಆಳಕ್ಕೂ ಇಳಿಯಬಹುದಾದ ಬೇರುಗಾಲನ್ನು ಉಳ್ಳದ್ದು. ಇದರ ಬುಡವು ಮಣ್ಣಿನ ಮೇಲ್ಪದರದಲ್ಲಿಯೇ ಗುಂಡಗೆ ಮುಗಿಯುವುದು. ಅದರ ನೆತ್ತಿಯಲ್ಲಿ ಸಾಮಾನ್ಯವಾಗಿ ಗಟ್ಟಿಯಾದ ಮೊನೆಯುಂಟು. ಇದರ ನೆತ್ತಿಯಲ್ಲಿ ಚಕ್ಕೆಯುಂಟು. ಇವಕ್ಕಿಂತ ಖಚಿತವಾದುದು ಬೀಜಕಗಳ ಬಣ್ಣ. ಕೊಡೆಯನ್ನು ಕತ್ತರಿಸಿ, ಒಳಮೈ ಕೆಳಗಾಗುವಂತೆ ಬಿಳಿಯ ಕಾಗದದ ಮೇಲಿಟ್ಟು, ಬೋಗುಣಿಯೊಂದನ್ನು ಕವಿದು ಒಂದು ರಾತ್ರಿ ಬಿಟ್ಟರೆ ಕಾಗದದ ಮೇಲೆ ಸಣ್ಣ ಪುಡಿಯ ಚಿತ್ರ ಮೂಡುವುದು. ಹುತ್ತದ ಅಣಬೆಯದು ನಸುಗೆಂಪು, ಹುಲ್ಲಿನ ಈ ಅಣಬೆಯದು ಮಾಸಲು ಹಸುರು, ಅಮನೈಟದ್ದು ಬಿಳಿ. ವಿದ್ಯಾರ್ಥಿಗಳಿಗೆ ಇದೊಂದು ಸೊಗಸಾದ ಪ್ರಯೋಗ. ಆದರೆ ಊಟಕ್ಕೆ ಇದು ಅಪ್ಪಣೆಯ ಚೀಟಿಯಲ್ಲ. ಮೊಗ್ಗಾಗಿರುವಾಗ ಪುಡಿ ಉದುರದು. ನಸುಗೆಂಪು ಪುಡಿಯನ್ನು ಉದುರಿಸುವ ಬೇರೆ ವಿಷದ ಅಣಬೆಗಳೂ ಲೋಕದಲ್ಲಿವೆ. ಪರೀಕ್ಷೆಯು ‘ಬೇಡ’ ಎಂದು ಹೇಳಬಲ್ಲುದು. ‘ತಿನ್ನು’ ಎಂದು ಹೇಳಲಾರದು.

ಈ ವಿಷಯದಲ್ಲಿ ನಮ್ಮ ಸಂಸ್ಥೆಗಳು ಏನು ಮಾಡಿದವೆಂಬುದನ್ನೂ ನೋಡಬೇಕು. ಶಿಲೀಂಧ್ರಶಾಸ್ತ್ರವು ಬೆಂಗಳೂರಿಗೆ ಹೊಸದಲ್ಲ. ೧೯೦೮ರಲ್ಲಿಯೇ ಮೈಸೂರು ಸರ್ಕಾರವು ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರನ್ನು ಶಿಲೀಂಧ್ರಶಾಸ್ತ್ರಜ್ಞರೂ ಕೀಟಶಾಸ್ತ್ರಜ್ಞರೂ ಆಗಿ ನೇಮಿಸಿತು. ಅವರು ಮಲೆನಾಡಿನ ಅಡಕೆಯ ಕೊಳೆರೋಗದ ಕಾರಣವನ್ನು ಕಂಡುಹಿಡಿದು, ಮೈಲುತುತ್ತ ಸುಣ್ಣಗಳ ದ್ರಾವಣದಿಂದ ಅದನ್ನು ತಡೆಯುವ ದಾರಿಯನ್ನು ತೋರಿಸಿದರು. ಅಡಕೆಯ ನಷ್ಟಕ್ಕೆ ಲೆಕ್ಕವಿತ್ತು. ಆದುದರಿಂದ ಶಾಸ್ತ್ರಜ್ಞನೂ ಬಂದನು. ಬಡವರ ಮಳೆಗಾಲದ ಸಾರಿಗೆ ಲೆಕ್ಕವಿರಲಿಲ್ಲ. ಈ ಭೇದವು ಇಂದಿಗೂ ಪೂರ್ತಿಯಾಗಿ ಹೋಗಿಲ್ಲ. ೨೦೨೨ರ ಏಪ್ರಿಲಿನಲ್ಲಿ ಅಸ್ಸಾಮಿನ ಪೂರ್ವದ ಜಿಲ್ಲೆಗಳಲ್ಲಿ ಕಾಡಣಬೆಯನ್ನು ತಿಂದು ಕೆಲವೇ ದಿನಗಳಲ್ಲಿ ೧೩ ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಚಹದ ತೋಟದ ಕೂಲಿಯವರು ಮತ್ತು ಅವರ ಮಕ್ಕಳು. ಅಣಬೆಯ ವಿಷಕ್ಕೆ ಬಲಿಯಾಗುವವರಲ್ಲಿ ಇಂದು ಚಕ್ರವರ್ತಿಗಳಿಲ್ಲ.

ಅಣಬೆಯನ್ನು ಬೆಳೆಯಾಗಿ ಮಾಡುವ ಪ್ರಯತ್ನವು ಮಾತ್ರ ಸಫಲವಾಗಿದೆ. ೧೯೪೩ರಲ್ಲಿ ಕೊಯಮತ್ತೂರಿನಲ್ಲಿ ಬತ್ತದ ಹುಲ್ಲಿನ ಅಣಬೆಯ ಬೇಸಾಯವು ಆರಂಭವಾಯಿತು. ಬೆಂಗಳೂರಿನ ಬಳಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನ ಸಂಸ್ಥೆಯೂ ಅಣಬೆಯ ಬಿತ್ತನೆಯನ್ನು ಸಿದ್ಧಪಡಿಸಿ, ಬೆಳೆಯುವವರಿಗೆ ತರಬೇತಿಯನ್ನು ಕೊಡುತ್ತ ಬಂದಿದೆ. ಜಯನಗರದ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುವ ಗುಂಡಿಯಣಬೆ, ಚಿಪ್ಪಣಬೆಗಳು ಹೀಗೆ ಬೆಳೆದವು. ಅವುಗಳ ಜಾತಿ ತಿಳಿದದ್ದು, ಬಿತ್ತನೆ ತಿಳಿದದ್ದು. ಹುತ್ತದ ಅಣಬೆಯನ್ನಾದರೋ ಗೆದ್ದಲಿನಂತೆ ಬೆಳೆಯುವ ವಿದ್ಯೆ ಮನುಷ್ಯನಿಗೆ ಇನ್ನೂ ಸರಿಯಾಗಿ ಕೈಹತ್ತಿಲ್ಲ.

ಹಾಗಾದರೆ ಪಟ್ಟಣದವರು ಮಾಡಬೇಕಾದುದೇನು? ಉದ್ಯಾನದಲ್ಲಿ, ರಸ್ತೆಯ ಬದಿಯಲ್ಲಿ, ಮನೆಯ ಹುಲ್ಲಿನಲ್ಲಿ ಎದ್ದ ಅಣಬೆಯನ್ನು, ಅದು ಎಷ್ಟೇ ಪರಿಚಿತವಾಗಿ ಕಂಡರೂ, ಅಡಿಗೆಗೆ ತರಕೂಡದು. ಬಲ್ಲವರೆಂದು ಹೇಳಿಕೊಳ್ಳುವವರನ್ನು ಯಾವ ಊರಿನ ಅಣಬೆಯನ್ನು ಬಲ್ಲಿರಿ ಎಂದು ಕೇಳಬೇಕು. ತಪ್ಪಿ ತಿಂದದ್ದಾದರೆ, ಬಾಧೆ ತೋರುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಒಮ್ಮೆ ವಾಂತಿಯಾಗಿ ಹಗುರವಾಯಿತೆಂದು ಮನೆಗೆ ಮರಳಬಾರದು. ಮಿಕ್ಕ ಅಣಬೆಯನ್ನೋ, ಸಿಪ್ಪೆಯನ್ನೋ, ಪಾತ್ರೆಯಲ್ಲಿ ಉಳಿದ ಸಾರನ್ನೋ ಕಾಗದದಲ್ಲಿ ಇಲ್ಲವೆ ಡಬ್ಬಿಯಲ್ಲಿ ಕೊಂಡೊಯ್ದು, ತಿಂದ ವೇಳೆಯನ್ನೂ ವೈದ್ಯರಿಗೆ ತಿಳಿಸಬೇಕು. ಬಾಧೆಯು ಬೇಗ ಬಂದಿತೇ, ತಡವಾಗಿ ಬಂದಿತೇ ಎಂಬುದು ವಿಷ ಯಾವುದೆಂದು ಊಹಿಸಲು ಅವರಿಗೆ ದೊಡ್ಡ ಸಹಾಯ. ತಡವಾಗಿ ಬಂದ ಬಾಧೆಯೇ ಹೆಚ್ಚು ಭಯಂಕರವಾದುದು.

ಇನ್ನೊಂದು ಕರ್ತವ್ಯವೂ ಉಂಟು. ಈ ಬಡಾವಣೆಗಳ ನಡುವೆ ಉಳಿದಿರುವ ಹಳೆಯ ಊರುಗಳಲ್ಲಿಯೂ, ಕನಕಪುರ, ಬನ್ನೇರುಘಟ್ಟಗಳ ಕಡೆಯ ಹಳ್ಳಿಗಳಲ್ಲಿಯೂ ಹುತ್ತದ ಅಣಬೆಯನ್ನು ಕಿತ್ತು ಬಲ್ಲ ಹಿರಿಯರು ಇನ್ನೂ ಇರುವರು. ಯಾವ ಹೆಸರಿನದು, ಯಾವ ಮಳೆಯಲ್ಲಿ ಏಳುವುದು, ಯಾವ ನೆಲದ್ದು, ಯಾವುದನ್ನು ಬಿಡಬೇಕು ಎಂಬುದನ್ನು ಅವರಿಂದ ಕೇಳಿ, ಸಸ್ಯಶಾಸ್ತ್ರಜ್ಞರಿಗೆ ಮಾದರಿಗಳನ್ನು ತೋರಿಸಿ, ಬರೆದಿಡುವ ಕೆಲಸವನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಒಂದು ಮಳೆಗಾಲದಲ್ಲಿ ಆರಂಭಿಸಬಹುದು. ತಿಂದವರು ಬರೆಯಲಿಲ್ಲ, ನಿಜ. ಅವರು ಹೇಳಲು ಮಾತ್ರ ಎಂದೂ ಹಿಂಜರಿದವರಲ್ಲ. ಬರೆಯಬಲ್ಲವರು ಹೋಗಿ ಕೇಳಬೇಕಾಗಿದೆ.